ಮಾವನವರು ಹುರಿದ ಬೆಂಡೆ

ನನ್ನ ಮಾವ ನನಗೆ ಏನಾದರೂ ಹೇಳಬೇಕಾದರೆ ಅಡುಗೆಮನೆಯ ಬಾಗಿಲ ದಾರಂದಕ್ಕೆ, ಆ ಮರದ ಚೌಕಟ್ಟಿಗೆ, ಹೇಳುತ್ತಿದ್ದರು. ಸೊಸೆಯೊಡನೆ ನೇರವಾಗಿ ಮಾತಾಡುವ ಕ್ರಮ ಆ ಕಾಲಕ್ಕೆ ಬೆಳುವಾಯಿಯ ನಮ್ಮ ಮನೆಗಳಲ್ಲಿ ಇರಲಿಲ್ಲ. "ಸ್ನಾನಕ್ಕೆ ಬಿಸಿನೀರು ಉಂಟಾ ಅಂತ" ಎಂದು ದಾರಂದವನ್ನು ಕೇಳಿ, ಉತ್ತರಕ್ಕೆ ಕಿವಿಗೊಟ್ಟು ನಿಲ್ಲುವರು. ನಾನೇನು ಕಡಿಮೆಯೇ? ಗೋಡೆಗೆ ಉತ್ತರ ಹೇಳುತ್ತಿದ್ದೆ. ಮೂವತ್ತು ವರ್ಷ ಮಕ್ಕಳನ್ನು ನಡುಗಿಸಿ ನಿವೃತ್ತರಾದ ಮಾಸ್ತರರು. ಎತ್ತರದ ಆಳು, ಮಾತು ಕಡಿಮೆ. ಮದುವೆಯಾಗಿ ಬಂದ ಹೊಸತರಲ್ಲಿ ಅವರು ಕೆಮ್ಮಿದರೂ ನನ್ನ ಕೈಯ ಸಟ್ಟುಗ ಜಾರಿ ಬೀಳುತ್ತಿತ್ತು.

ಅತ್ತೆ ನಾನು ಬರುವ ಮೊದಲೇ ತೀರಿಹೋಗಿದ್ದರು. ನನ್ನ ಗಂಡ ಬೆಳಗಿನ ಬಸ್ಸಿಗೆ ಬಂಟ್ವಾಳದ ಕಚೇರಿಗೆ ಹೋದರೆ ಮರಳುವಾಗ ದೀಪ ಹಚ್ಚುವ ಹೊತ್ತು. ಮುಟ್ಟಾದವಳು ಒಲೆಯ ಹತ್ತಿರ ಸುಳಿಯುವಂತಿಲ್ಲ. ಹಾಗಾಗಿ ತಿಂಗಳಲ್ಲಿ ಮೂರು ದಿನ ನಾನು ಹೊರಗೆ ಕೂತಾಗ ಅಡುಗೆ ಮಾವನವರ ಪಾಲಿಗೆ ಬಂತು.

ಗಂಜಿ ಬೇಯಿಸಲು ಅವರಿಗೆ ಗೊತ್ತಿತ್ತು. ಪಲ್ಯಕ್ಕೆ ಹಿತ್ತಿಲಲ್ಲಿ ತಾವೇ ಬೆಳೆಸಿದ ಬೆಂಡೆ ಕೊಯ್ದು ತಂದರು. ಹೆಚ್ಚಿದ ಮೇಲೆ ತೊಳೆದರು, ಮೊದಲೇ ಉಪ್ಪು ಹಾಕಿದರು, ಅದರ ಮೇಲೆ ಮುಚ್ಚಳ ಬೇರೆ. ಆದದ್ದು ಬರೀ ಲೋಳೆ. ಅದರಲ್ಲಿ ಹರಿದ ಪುಸ್ತಕ ಅಂಟಿಸಬಹುದಿತ್ತು. ಅಷ್ಟನ್ನೂ ತಾವೇ ತಿಂದು, ನನಗೆ ಗಂಜಿಯೊಂದಿಗೆ ಉಪ್ಪಿನಕಾಯಿ ಇಟ್ಟು ಹೋದರು.

ಮರುತಿಂಗಳು ನಾನು ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ಕೂತಿದ್ದೆ. ಒಳಗಿನಿಂದ ಸ್ವರ ಬಂತು: "ಬೆಂಡೆ ಹುರಿಯುವುದು ಹೇಗೆ ಅಂತ ಗೊತ್ತಿದ್ದವರು ಹೇಳಬಹುದಿತ್ತು."

"ತೊಳೆದು, ಬಟ್ಟೆಯಲ್ಲಿ ಒರೆಸಿ, ಆಮೇಲೆ ಹೆಚ್ಚುವುದು" ಎಂದೆ ಗೋಡೆಗೆ. "ಬಾಣಲೆಗೆ ತೆಂಗಿನೆಣ್ಣೆ, ಸಾಸಿವೆ, ಒಂದು ಒಣಮೆಣಸು. ಮುಚ್ಚಳ ಬೇಡ. ಉಪ್ಪು ಕೊನೆಗೆ."

ನನಗೆ ಬಾಣಲೆ ಕಾಣುತ್ತಿರಲಿಲ್ಲ. ಕಿವಿಯೇ ಗತಿ. ಹಸಿ ಬೆಂಡೆಯ ಸದ್ದು ಬೇರೆ, ಲೋಳೆ ಆರಿದ ಮೇಲಿನ ಚರಚರ ಸದ್ದು ಬೇರೆ. "ಈಗ ಬೆಂಕಿ ಸಣ್ಣ ಮಾಡಿದರೆ ಒಳ್ಳೆಯದಿತ್ತು" ಎಂದು ನಾನು. "ಮಾಡಿ ಆಯ್ತು ಅಂತ" ಎಂದು ಅವರು. ಕೇಳಿದವರು ಈ ಮನೆಯಲ್ಲಿ ನಾಲ್ಕು ಜನ ಇದ್ದಾರೆಂದು ತಿಳಿಯಬೇಕು.

ವರ್ಷ ಕಳೆಯುವುದರೊಳಗೆ ಅವರ ಕೈ ಪಳಗಿತು. ಅಂಚು ಕೆಂಪಗೆ, ನಡು ಮೆತ್ತಗೆ. "ಬೆಂಡೆಯೂ ಶಾಲೆ ಮಕ್ಕಳೂ ಒಂದೇ, ಸುಮ್ಮನೆ ಕೆದಕಿದಷ್ಟೂ ಲೋಳೆ" ಎನ್ನುವರು. ನಿಜ ಹೇಳುತ್ತೇನೆ, ನನ್ನದಕ್ಕಿಂತ ಅವರದ್ದೇ ರುಚಿ.

ಆದರೆ ನಾನು ಹೊರಗೆ ಕೂತ ಪ್ರತಿ ತಿಂಗಳೂ ನೆಂಟರಿಗೆ ಒಂದು ಸುದ್ದಿ: ಈ ಸಲವೂ ಇಲ್ಲ. ಮದುವೆಯಾಗಿ ಐದು ವರ್ಷ ಕಳೆದಿತ್ತು. ಒಂದು ಭಾನುವಾರ ಮಾವನವರ ಅಕ್ಕ ಮಾಣಿಯಿಂದ ಬಂದರು. ನಾನು ಜಗಲಿಯಲ್ಲಿ, ಮಾವ ಒಲೆಯ ಮುಂದೆ. ಅಕ್ಕ ನೋಡಿ ಉರಿದುಹೋದರು.

"ಈ ಪ್ರಾಯದಲ್ಲಿ ನೀನು ಒಲೆ ಊದುವುದಾ ಮಾರಾಯ? ಇವಳನ್ನು ತವರಿಗೆ ಕಳಿಸು. ಬೆಳ್ತಂಗಡಿ ಕಡೆ ಒಂದು ಒಳ್ಳೆ ಹುಡುಗಿ ಉಂಟು. ಮಗನಿಗೆ ಹೋಗಿ ನೋಡುವ."

ಗಂಡ ಚಾವಡಿಯಲ್ಲೇ ಇದ್ದರು. ಪೇಪರಿನಿಂದ ತಲೆ ಎತ್ತಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ. ಒಳಗೆ ಸಟ್ಟುಗದ ಸದ್ದು ನಿಂತಿತು.

"ಅಕ್ಕ, ಐದು ವರ್ಷದಲ್ಲಿ ನಾನು ಬೆಂಡೆ ಹುರಿಯುವುದು ಒಂದು ಕಲಿತದ್ದು. ಇನ್ನೊಬ್ಬಳ ಹತ್ತಿರ ಮೊದಲಿಂದ ಕಲಿಯಲಿಕ್ಕೆ ನನ್ನಿಂದ ಆಗುವುದಿಲ್ಲ. ಕೈ ತೊಳೆದು ಬಾ, ಊಟಕ್ಕಾಯಿತು."

ಅಕ್ಕ ಬೆಂಡೆಯನ್ನು ಎರಡು ಸಲ ಬಡಿಸಿಕೊಂಡು ತಿಂದು ಬಸ್ಸು ಹತ್ತಿದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ನಮಗೆ ಮಕ್ಕಳಾಗಲೇ ಇಲ್ಲ, ಆದರೆ ಆ ಮಾತು ಮತ್ತೆ ಆ ಮನೆಯಲ್ಲಿ ಏಳಲಿಲ್ಲ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಮಾವ ಹಾಸಿಗೆ ಹಿಡಿದರು. ಒಂದು ದಿನ ನನ್ನ ಗಂಡ ಮೂಡುಬಿದಿರೆಯಿಂದ ಡಾಕ್ಟರನ್ನು ಕರೆತರಲು ಹೋಗಿದ್ದರು. ನಾನು ಹೊರಗೆ. ಮಧ್ಯಾಹ್ನವಾದರೂ ಬಸ್ಸಿನ ಸುದ್ದಿಯಿಲ್ಲ, ಒಲೆಯಲ್ಲಿ ಬೂದಿ. ಒಳಗಿನಿಂದ ಸಣ್ಣ ಸ್ವರ ಬಂತು.

"ಹಸಿವಾಗ್ತದೆ. ಒಳಗೆ ಬಾ. ಗಂಜಿಗಿಟ್ಟು ನಾಲ್ಕು ಬೆಂಡೆ ಹುರಿ."

"ನಾನು ಹೊರಗೆ ಅಲ್ವಾ ಮಾವ?"

"ಗೊತ್ತುಂಟು. ದೇವರು ಕೇಳಿದರೆ ನಾನು ಹೇಳ್ತೇನೆ. ಹೇಗೂ ಅಲ್ಲಿಗೇ ಹೋಗುವವ."

ಹೊಸ್ತಿಲು ದಾಟಿ ಒಲೆ ಹಚ್ಚಿದೆ. ಹುರಿದು ತಂದು ಪಕ್ಕದಲ್ಲಿ ಕೂತು ತಿನ್ನಿಸಿದೆ. ನಾಲ್ಕು ಹೋಳು ತಿಂದರು. "ಉಪ್ಪು ಸರಿ ಉಂಟು" ಎಂದರು. ಆ ವಾರವೇ ಹೋದರು.

ಮರುತಿಂಗಳು ಮುಟ್ಟಾದರೂ ನಾನು ಹೊರಗೆ ಕೂರಲಿಲ್ಲ. ಅದರ ಮುಂದಿನ ತಿಂಗಳೂ ಕೂರಲಿಲ್ಲ. ದೇವರು ಇದುವರೆಗೆ ಏನೂ ಕೇಳಿಲ್ಲ. ಮಾವ ಹೇಳಿರಬೇಕು.