ಪೆಡಲ್ ಅಕ್ಕ ಚೀಟಿ ಕೊಟ್ಟರಷ್ಟೇ ಗೇಟು ತೆರೆಯುತ್ತದೆ

ಬೆಳಗಿನ ಐದೂವರೆ. ಬಸ್ ಡಿಪೊದ ಸಿಮೆಂಟ್ ನೆಲ ಇನ್ನೂ ತಣ್ಣಗಿದೆ. ಹದಿನೇಳನೇ ನಂಬರಿನ ಬಸ್ಸಿನಲ್ಲಿ, ಚಾಲಕನ ಸೀಟಿನ ಮೇಲೆ ಕುಳಿತ ಹೆಂಗಸು ಬಲಗಾಲಿನ ಬೂಟು, ಕಾಲುಚೀಲ ಎರಡನ್ನೂ ಬಿಚ್ಚಿ ಪಕ್ಕಕ್ಕಿಡುತ್ತಾರೆ. ಕೀಲಿ ತಿರುಗಿದೆ, ಇಂಜಿನ್ ಶುರುವಾಗಿಲ್ಲ. ಬರಿಗಾಲನ್ನು ಆಕ್ಸಿಲರೇಟರ್ ಮೇಲಿಟ್ಟು, ಮಲಗಿದ ಮಗುವಿನ ಪಕ್ಕದಿಂದ ಏಳುವಷ್ಟು ನಿಧಾನವಾಗಿ ಒತ್ತುತ್ತಾರೆ. ಕಣ್ಣು ಮಾತ್ರ ಮಡಿಲಲ್ಲಿರುವ ಪುಟ್ಟ ಪರದೆಯ ಮೇಲೆ. ಅಲ್ಲಿ ಎರಡು ಅಂಕಿಗಳು ಏರುತ್ತಿವೆ.

“ಈಗ ಮಾತಾಡಿಸ್ಬೇಡಿ, ಇದೊಂದು ಮುಗೀಲಿ,” ಅನ್ನುತ್ತಾರೆ. ಅವರ ಕೆಲಸದ ಬಗ್ಗೆ ಬರೆಯಲು ಬಂದಿರುವ ನಾನು ಬಸ್ಸಿನ ಬಾಗಿಲಲ್ಲೇ ನಿಲ್ಲುತ್ತೇನೆ.

ಡಿಪೊದ ಮೆಕ್ಯಾನಿಕ್ ಆಗಿರುವ ಇವರು ಇಲ್ಲಿ ಎಲ್ಲರಿಗೂ ಪೆಡಲ್ ಅಕ್ಕ. ವಯಸ್ಸಿನಲ್ಲಿ ಹತ್ತು ವರ್ಷ ದೊಡ್ಡ ಚಾಲಕರಿಗೂ ಅಕ್ಕನೇ. ಹಿಂದೆ ಪೆಡಲಿನಿಂದ ಇಂಜಿನ್ನಿಗೆ ಒಂದು ತಂತಿ ಇರುತ್ತಿತ್ತು. ಒತ್ತಿದರೆ ಅದು ಎಳೆದು, ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲನ್ನು ತೆರೆಯುತ್ತಿತ್ತು. ಈಗಿನ ಗ್ಯಾಸ್ ಬಸ್ಸುಗಳಲ್ಲಿ ಆ ತಂತಿ ಇಲ್ಲ. ಕಾಲು ಎಷ್ಟು ಒತ್ತಿತು ಎಂದು ಪೆಡಲಿನ ಎರಡು ಸೆನ್ಸರ್‌ಗಳು ಬಸ್ಸಿನ ಕಂಪ್ಯೂಟರಿಗೆ ಹೇಳುತ್ತವೆ, ಅದು ಬಾಗಿಲು ತೆರೆಸುತ್ತದೆ.

“ಅಣ್ಣ ತಮ್ಮ ಇದ್ದಂಗೆ ಅವು. ಅಣ್ಣ ಎರಡು ಹೆಜ್ಜೆ ಇಟ್ರೆ ತಮ್ಮ ಒಂದು ಇಡ್ಬೇಕು. ತಪ್ಪಿತೋ, ಕಂಪ್ಯೂಟರ್ ಇಬ್ಬರನ್ನೂ ನಂಬಲ್ಲ. ಆಮೇಲೆ ನೀವು ತಿಪ್ಪರಲಾಗ ಹಾಕಿದ್ರೂ ಬಸ್ಸು ಓಡಲ್ಲ, ತೆವಳುತ್ತೆ.”

ದಿನಕ್ಕೆ ಇಪ್ಪತ್ತೆಂಟು ಬಸ್ಸು, ಒಂದೊಂದಕ್ಕೂ ಏಳು ಸಲ. ಇನ್ನೂರಕ್ಕೆ ನಾಲ್ಕೇ ಕಡಿಮೆ. ಹಿಮ್ಮಡಿ ಊದಿಕೊಂಡು, ಮನೆಗೆ ಹೋದ ಮೇಲೆ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟೇ ಪೇಪರ್ ಓದುತ್ತಾರಂತೆ. ಏಳೇ ಸಲ ಯಾಕೆ ಎಂದು ಕೇಳುತ್ತೇನೆ.

“ಆವತ್ತು ಆರು ಸಲ ಒತ್ತಿದ್ದೆ.”

ಆವತ್ತು ಅಂದರೆ ನಾಲ್ಕು ವರ್ಷದ ಹಿಂದೆ. ಒಂದು ಬಸ್ಸಿನಲ್ಲಿ ಎಚ್ಚರಿಕೆಯ ದೀಪ ಹತ್ತಿತ್ತು. ಬೂಟುಗಾಲಲ್ಲೇ ಪಟಪಟನೆ ಒತ್ತಿ ನೋಡಿದರು, ಎಲ್ಲ ಸರಿಯಿದ್ದಂತೆ ಕಂಡಿತು. ಅಷ್ಟು ಬೇಗ ಒತ್ತಿದರೆ ಕ್ಷಣಕಾಲದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಕಂಪ್ಯೂಟರಿನಲ್ಲಿ ಉಳಿದಿದ್ದ ದೋಷದ ದಾಖಲೆಯನ್ನು ಅಳಿಸಿ ಬಸ್ಸು ಬಿಟ್ಟರು. ಎಲ್ಲ ಡಿಪೊಗಳಲ್ಲೂ ಹಾಗೇ ಮಾಡುತ್ತಾರೆ. ಮೇಲ್ಸೇತುವೆಯ ಏರಿನಲ್ಲಿ ಇಂಜಿನ್ ಒಮ್ಮೆಲೇ ಸೋತು ಬಸ್ಸು ತೆವಳತೊಡಗಿತು, ಹಿಂದಿದ್ದ ಲಾರಿ ಗುದ್ದಿತು. ಸುತ್ತಿಗೆ ಹೊಡೆದಂತೆ ಚಾಲಕನ ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿಯಿತು. ಆ ಚಾಲಕ ಅಕ್ಕನ ಗಂಡ.

“ಆಸ್ಪತ್ರೆಯಲ್ಲಿ ನಾನೇ ಹೇಳ್ದೆ, ಅಳಿಸಿದ್ದು ನಾನು ಅಂತ. ಮೂರು ದಿನ ನಮ್ಮನೆಯವರು ಮಾತಾಡ್ಲಿಲ್ಲ. ನಾಲ್ಕನೇ ದಿನ, ‘ಇನ್ಮೇಲೆ ಅಳಿಸ್ಬೇಡ’ ಅಂದ್ರು. ಅಷ್ಟೇ ಅಂದಿದ್ದು, ಇವತ್ತಿನವರೆಗೂ.”

ಆ ಮೊಣಕಾಲಿನಿಂದಾಗಿ ಬಸ್ಸು ಓಡಿಸಲಾಗದ ಅವರು ಈಗ ಡಿಪೊದ ಗೇಟು ಕಾಯುತ್ತಾರೆ. ಹೆಂಡತಿ ಸಹಿ ಹಾಕಿದ ಚೀಟಿ ನೋಡಿ ಬಸ್ಸು ಬಿಡುವುದು ಅವರ ಕೆಲಸ.

ಹದಿನೇಳನೇ ಬಸ್ಸಿನಲ್ಲಿ ನಿನ್ನೆ ಸಂಜೆ ದೀಪ ಹತ್ತಿತ್ತು, ಇವತ್ತು ಇಲ್ಲ. ಆದರೆ ಮೂರನೇ ಒತ್ತಿಗೆ ಅಕ್ಕ ಉಸಿರು ಬಿಗಿಹಿಡಿಯುತ್ತಾರೆ. ತಮ್ಮನ ಅಂಕಿ ಕ್ಷಣಕಾಲ ಕುಸಿದು ಮತ್ತೆ ಎದ್ದಿತು. ನಾನಂತೂ ನೋಡಲೇ ಇಲ್ಲ. ಉಳಿದ ನಾಲ್ಕು ಸಲ ಏನೂ ಆಗುವುದಿಲ್ಲ. “ಈ ಬಸ್ಸು ಹೋಗಲ್ಲ,” ಅನ್ನುತ್ತಾರೆ ಅಕ್ಕ.

ಅಷ್ಟರಲ್ಲಿ ಮೇಲ್ವಿಚಾರಕರು ಬರುತ್ತಾರೆ. ಆರೂ ಹತ್ತಕ್ಕೆ ಇದೇ ಬಸ್ಸು ಐವತ್ತು ಜನ ಕಾರ್ಖಾನೆ ಕೆಲಸಗಾರರನ್ನು ಅದೇ ಮೇಲ್ಸೇತುವೆ ಹತ್ತಿಸಿ ಒಯ್ಯಬೇಕು. ಬದಲಿ ಬಸ್ಸಿಲ್ಲ, ಮೇಲ್ವಿಚಾರಕರ ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತಿದೆ. ತಾವೇ ಕುಳಿತು ಬೂಟುಗಾಲಲ್ಲಿ ನಾಲ್ಕು ಸಲ ಒತ್ತುತ್ತಾರೆ. “ನೋಡಮ್ಮ, ಸರಿಯಾಗೇ ಇದೆ. ಅಳಿಸಿ ಕಳಿಸು.”

“ಇಲ್ಲ ಸರ್.”

ಬಸ್ಸು ಬಿಡು ಎಂದು ಮೇಲ್ವಿಚಾರಕರು ಗೇಟಿನತ್ತ ಕೂಗುತ್ತಾರೆ. ಅಕ್ಕನ ಯಜಮಾನರು ಕುಂಟುತ್ತಾ ಎದ್ದು ನಿಂತು, ಬಹಳ ವಿನಯದಿಂದ ಕೇಳುತ್ತಾರೆ: “ಚೀಟಿ ಎಲ್ಲಿ ಸರ್?”

ಗಂಡ ಹೆಂಡತಿ ಇಬ್ಬರನ್ನೂ ದುರುಗುಟ್ಟಿ ನೋಡಿದ ಮೇಲ್ವಿಚಾರಕರಿಗೆ ಏನನ್ನಿಸಿತೋ, ಮತ್ತೆ ಸೀಟಿಗೆ ಹೋಗಿ ತಮ್ಮ ಬೂಟು ಬಿಚ್ಚುತ್ತಾರೆ. ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿದೆ, ಯಾರೂ ನಗುವುದಿಲ್ಲ. ಕಾಲುಚೀಲವನ್ನೂ ತೆಗೆದು, ಅಕ್ಕನಂತೆಯೇ ನಿಧಾನಕ್ಕೆ ಒತ್ತುತ್ತಾರೆ. ಒಂದು ಸಲ. ಎರಡು ಸಲ. ಐದನೇ ಸಲಕ್ಕೆ ಅಂಕಿ ಕುಸಿಯುತ್ತದೆ. ಈ ಸಲ ನಾನೂ ನೋಡುತ್ತೇನೆ. ಮೇಲ್ವಿಚಾರಕರು ಬೂಟು ಹಾಕಿಕೊಂಡು ಹೇಳುತ್ತಾರೆ: “ಪೆಡಲ್ ಬದಲಾಯಿಸಮ್ಮ. ಫೋನಿಗೆ ನಾನು ಉತ್ತರ ಕೊಡ್ತೀನಿ.”

ಹೊಸ ಪೆಡಲ್ ಕೂರಿಸಿ, ಮತ್ತೆ ಏಳು ಸಲ ಒತ್ತಿ, ಚೀಟಿ ಬರೆಯುವಾಗ ಆರೂ ಐವತ್ತು. ಗೇಟಿನಾಚೆ ಕಾದು ಸುಸ್ತಾದ ಕೆಲಸಗಾರರು ಮುಖ ಗಂಟಿಕ್ಕಿಕೊಂಡು ಹತ್ತುತ್ತಾರೆ. ಇಷ್ಟು ಹೊತ್ತು ಏನು ಮಾಡ್ತಿದ್ರಿ ಎಂದು ಒಬ್ಬರು ಅಕ್ಕನನ್ನೇ ಗದರುತ್ತಾರೆ. ಅಕ್ಕ ತಲೆ ತಗ್ಗಿಸಿ ಬೂಟಿನ ಲೇಸು ಕಟ್ಟುತ್ತಾರೆ. ನನಗೆ ಸಿಟ್ಟು ಬರುತ್ತದೆ, ಅವರಿಗೆ ಹೇಳಬಾರದಿತ್ತೇ ಅನ್ನುತ್ತೇನೆ.

“ಹೇಳಿ ಭಯ ಹುಟ್ಟಿಸೋದ್ಯಾಕೆ?”

ಬಸ್ಸು ಹೊರಡುತ್ತದೆ. ಹಿಂದಿನ ಕಿಟಕಿಗೆ ತಲೆ ಆನಿಸಿದ ಹೆಂಗಸೊಬ್ಬಳು ಗೇಟು ದಾಟುವಷ್ಟರಲ್ಲೇ ಕಣ್ಣು ಮುಚ್ಚಿದ್ದಾಳೆ. ಅಕ್ಕ ಅತ್ತ ಬೆರಳು ತೋರಿಸುತ್ತಾರೆ.

“ನೋಡಿ, ಆಗಲೇ ನಿದ್ದೆ ಬಂತು ಅವರಿಗೆ. ಅಷ್ಟಾದ್ರೆ ಸಾಕು ನನಗೆ.”