ಏರಿನಲ್ಲಿ ಸೋಲುತ್ತಿದ್ದ ಪಿಕಪ್

ಇವತ್ತು ಬೆಳಿಗ್ಗೆ ಗಿಡ ಕೊಳ್ಳಲು ಬಂದ ಒಬ್ಬರು ನನ್ನ ಕೈಯಿಂದ ರಂಬುಟಾನ್ ಸಸಿ ತೆಗೆದುಕೊಂಡು, ಎಲೆ ಮೂಸಿ, ಹುಬ್ಬು ಗಂಟಿಕ್ಕಿದರು. “ಇದೆಂತ ಅಮ್ಮ, ಡೀಸೆಲ್ ವಾಸನೆ ಬರ್ತದಲ್ಲ?” ತಪ್ಪು ಸಸಿಯದಲ್ಲ. ಸ್ವಲ್ಪ ಹೊತ್ತಿನ ಮುಂಚೆ ನಾನು ಪಿಕಪ್ಪಿನ ಡೀಸೆಲ್ ಫಿಲ್ಟರಿನಿಂದ ನೀರು ಬಸಿದಿದ್ದೆ. ಎರಡು ಸಲ ಸೋಪು ಹಾಕಿ ತೊಳೆದರೂ ಕೈಬಿಡದ ವಾಸನೆ ಅದು. ಅವರು ಬೇರೆ ಸಸಿ ಆರಿಸಿಕೊಂಡು ಹೋದರು. ನಾನು ನನ್ನ ಕೈಯನ್ನೇ ಮೂಸಿಕೊಳ್ಳುತ್ತ ನಿಂತೆ. ನಿಮಗೆ ಮಲ್ಲಿಗೆಯ ಪರಿಮಳಕ್ಕೆ ಯಾರ್ಯಾರೋ ನೆನಪಾಗಬಹುದು. ನನಗೆ ಡೀಸೆಲ್ಲಿನ ವಾಸನೆಗೆ ಕಬಕದ ಅದ್ರಾಮ ಕಾಕ ನೆನಪಾಗುತ್ತಾರೆ.

ಅವರ ಬಗ್ಗೆ ಹೇಳುವ ಮೊದಲು ಪಿಕಪ್ಪಿನ ಬಗ್ಗೆ ಹೇಳಬೇಕು. ಕೊಯಿಲದಲ್ಲಿ ನಮ್ಮದೊಂದು ಸಣ್ಣ ನರ್ಸರಿ. ಕಸಿ ಕಟ್ಟುವುದು, ಮಾರುವುದು ನನ್ನ ಕೆಲಸ. ಇವರು, ಅಂದರೆ ನನ್ನ ಗಂಡ, ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಗಿಡ ಸಾಗಿಸಲು ಪ್ರತಿ ಸಲ ಬಾಡಿಗೆ ಗಾಡಿಯವರಿಗೆ ಕಾದು ಕಾದು ಸಾಕಾಗಿ, ನಲವತ್ತೆರಡನೆಯ ವಯಸ್ಸಿನಲ್ಲಿ ನಾನು ಡ್ರೈವಿಂಗ್ ಕಲಿತೆ. ಪುತ್ತೂರಿನ ತರಕಾರಿ ವ್ಯಾಪಾರಿಯೊಬ್ಬರ ಹಳೆಯ ಪಿಕಪ್ ತೆಗೆದುಕೊಂಡೆವು. ಅಲ್ಲಿಯವರೆಗೆ ನಾನು ಜೀವನದಲ್ಲಿ ಹೋದದ್ದೆಲ್ಲ ಬೇರೆಯವರು ಹೊರಟಾಗ, ಬೇರೆಯವರು ನಿಲ್ಲಿಸಿದಲ್ಲಿಗೆ. ಮೊದಲ ಸಲ ಒಬ್ಬಳೇ ಸುಳ್ಯಕ್ಕೆ ಹೋದ ದಿನ, ಬಾಯಾರಿಕೆ ಇಲ್ಲದಿದ್ದರೂ ದಾರಿಯಲ್ಲಿ ಮೂರು ಕಡೆ ನಿಲ್ಲಿಸಿ ಕಬ್ಬಿನ ಹಾಲು ಕುಡಿದೆ. ನಿಲ್ಲಿಸಬಹುದು ಎಂಬ ಒಂದೇ ಕಾರಣಕ್ಕೆ.

ಒಂದು ವರ್ಷ ಚೆನ್ನಾಗಿ ಓಡಿತು. ಆಮೇಲೆ ಏರು ಬಂದರೆ ಸೋಲಲು ಶುರುವಾಯಿತು. ಹೊರಡುವಾಗ ಎಲ್ಲ ಸರಿ. ಮುಕ್ಕಾಲು ಗಂಟೆ ಓಡಿದ ಮೇಲೆ, ಆಕ್ಸಿಲರೇಟರ್ ಎಷ್ಟು ತುಳಿದರೂ ಎಳೆತವೇ ಇಲ್ಲ. ಮೂರನೆಯ ಗಿಯರು, ಎರಡನೆಯದು, ಕೊನೆಗೆ ಮೊದಲನೆಯದರಲ್ಲೂ ಬಸ್ಸು ಹತ್ತಲಾರದ ಅಜ್ಜಿಯ ಹಾಗೆ ನಿಂತೇಬಿಡುತ್ತಿತ್ತು. ಹತ್ತು ನಿಮಿಷ ಬಿಟ್ಟರೆ ಏನೂ ಆಗದವರ ಹಾಗೆ ಮತ್ತೆ ಹೊರಡುತ್ತಿತ್ತು.

ನಮ್ಮ ಕಡೆ ಎಂಜಿನ್ನಿನ ವಿಷಯದಲ್ಲಿ ಅಭಿಪ್ರಾಯ ಇಲ್ಲದ ಗಂಡಸರು ಇಲ್ಲ. ನಮ್ಮ ದನದ ಹಾಲು ಕೊಳ್ಳಲು ಮನೆಗೆ ಬಂದವರು ಫಿಲ್ಟರ್ ಎಂದರು, ಬದಲಾಯಿಸಿದೆವು. ಒಬ್ಬ ಮೆಕ್ಯಾನಿಕ್ ಪಂಪು ಎಂದ, ಬಿಚ್ಚಿ ಸರಿಮಾಡಿಸಿದೆವು. ಇನ್ನೊಬ್ಬ ಕ್ಲಚ್ ಪ್ಲೇಟು ಎಂದ, ಅದೂ ಆಯಿತು. ಏನು ಬದಲಾಯಿಸಿದರೂ ಅದರ ಸೋಲು ಬದಲಾಗಲಿಲ್ಲ. ಕೊನೆಗೆ ಇವರೇ ಎರಡು ಸಲ ಉಪ್ಪಿನಂಗಡಿ ದಾಟಿ ಪುತ್ತೂರಿನವರೆಗೆ ಓಡಿಸಿ ನೋಡಿದರು. ಒಂದು ಸಲವೂ ನಿಲ್ಲಲಿಲ್ಲ.

“ಗಾಡಿಗೆ ಎಂತದೂ ಇಲ್ಲ. ತೊಂದರೆ ಇರುವುದು ನಿನ್ನ ಕಾಲಿಗೆ” ಎಂದರು.

ಅದನ್ನು ತಮಾಷೆ ಎಂದು ನುಂಗಿಕೊಂಡೆ. ಆದರೆ ಆ ವಾರವೇ ಸುಳ್ಯದ ತೋಟವೊಂದಕ್ಕೆ ಜಾಯಿಕಾಯಿ ಕಸಿಗಿಡ ಒಯ್ಯುವಾಗ, ಕಾವು ಎಂಬ ಊರು ದಾಟಿದ ಮೇಲಿನ ಏರಿನಲ್ಲಿ ಪಿಕಪ್ ನಿಂತಿತು. ಹಿಂದೆ ಬಸ್ಸು, ಬಸ್ಸಿನ ಹಿಂದೆ ಸಾಲು. ಬಸ್ಸಿನಿಂದ ಇಳಿದ ಒಬ್ಬರು ಬಂದು ನನ್ನನ್ನಲ್ಲ, ನನ್ನ ಪಕ್ಕದ ಖಾಲಿ ಸೀಟನ್ನು ನೋಡಿ, “ಗಂಡಸರು ಯಾರೂ ಇಲ್ವಾ ಅಮ್ಮ? ನೀವು ಇಳೀರಿ” ಎಂದರು. ಇಳಿದೆ. ಅವರು ಕೂತು ಸೀಟು ಹಿಂದೆ ಸರಿಸಿ, ಕನ್ನಡಿ ತಿರುಗಿಸಿ, ಕೀ ತಿರುಗಿಸುವಷ್ಟರಲ್ಲಿ ಹತ್ತು ನಿಮಿಷ ಆಗಿತ್ತು. ಪಿಕಪ್ ಒಂದೇ ಸಲಕ್ಕೆ ಹೊರಟಿತು! ಬಸ್ಸಿನ ಕಿಟಕಿಗಳಲ್ಲೆಲ್ಲ ನಗು. ಆ ಕ್ಷಣ ನನಗೂ ನನ್ನ ಕಾಲಿನ ಮೇಲೆ ಸಂಶಯ ಬಂತು. ಸಂಜೆ ಇವರು, “ಮಾರಿಬಿಡುವ. ಬಾಡಿಗೆಗೆ ಹೇಳಿದರಾಯ್ತು” ಎಂದಾಗ ಬೇಡ ಎನ್ನುವ ಧೈರ್ಯ ಬರಲಿಲ್ಲ. ಒಂದು ತಿಂಗಳು ಕೊಡಿ ಎಂದೆ, ಅಷ್ಟೆ.

ಕಬಕದಿಂದ ವಿಟ್ಲಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಅದ್ರಾಮ ಕಾಕನ ಗ್ಯಾರೇಜು. ಅರವತ್ತು ದಾಟಿದವರು, ಬಿಳಿ ಗಡ್ಡ, ಅದರಲ್ಲಿ ಒಂದೆರಡು ಕಡೆ ಗ್ರೀಸು. ನಾನು ಹೇಳುತ್ತಿದ್ದಂತೆ ಬಾನೆಟ್ ಎತ್ತುತ್ತಾರೆ ಎಂದುಕೊಂಡಿದ್ದೆ. ಎತ್ತಲಿಲ್ಲ. ನನ್ನ ಎದುರಿಗೇ ಕುಳಿತು, ನನ್ನ ಮುಖದಿಂದ ಕಣ್ಣು ತೆಗೆಯದೆ, ಮೊದಲಿನಿಂದ ಕೊನೆಯವರೆಗೆ ಕೇಳಿದರು. ನಡುವೆ ಒಂದೂ ಮಾತಾಡಲಿಲ್ಲ. ಮೊದಲಿನ ಇಬ್ಬರು ಮೆಕ್ಯಾನಿಕ್ಕುಗಳು ನನ್ನ ಮಾತು ಅರ್ಧದಲ್ಲೇ ತುಂಡು ಮಾಡಿದ್ದರು; ಹೆಂಗಸಿನ ಮಾತನ್ನು ಇಷ್ಟು ಗಮನವಿಟ್ಟು ಕೇಳುವ ಗಂಡಸು ತಾಲೂಕಿನಲ್ಲೇ ಇರಲಿಕ್ಕಿಲ್ಲ ಎಂದು ಒಳಗೊಳಗೇ ಹಿಗ್ಗಿದೆ.

“ಯಾವಾಗ ಸೋಲ್ತದೆ, ಯಾವಾಗ ಸೋಲುದಿಲ್ಲ, ಎಲ್ಲ ಬರ್ದಿಡಿ. ಸೋಲದ ದಿನದ್ದೂ ಬೇಕು. ಎರಡು ವಾರ ಕಳ್ದು ಬನ್ನಿ.”

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯತೊಡಗಿದೆ. ಬಿಸಿಲು, ಮಳೆ, ಗಿಡದ ಲೋಡು, ಎಷ್ಟು ದೂರ. ಬೇಸರದ ಕೆಲಸ ಎಂದುಕೊಂಡಿದ್ದೆ. ಮೂರನೆಯ ದಿನಕ್ಕೆ ರುಚಿ ಹತ್ತಿತು. ಲೋಡು ಇಲ್ಲದೆಯೂ ಸೋತ ದಿನ ಇತ್ತು, ಪೂರ್ತಿ ಲೋಡಿದ್ದೂ ಸೋಲದ ದಿನ ಇತ್ತು. ಬಿಸಿಲಿಗೂ ಅದಕ್ಕೂ ಸಂಬಂಧ ಕಾಣಲಿಲ್ಲ. ಕಸಿ ಕಟ್ಟುವಾಗ, ಅನ್ನ ಬಸಿಯುವಾಗ ಎಲ್ಲ ಅದೇ ಯೋಚನೆ. ಎರಡನೆಯ ವಾರ ಇದ್ದಕ್ಕಿದ್ದಂತೆ ಹೊಳೆಯಿತು. ಸೋತ ದಿನಗಳಲ್ಲೆಲ್ಲ ಬೆಳಿಗ್ಗೆ ಟ್ಯಾಂಕ್ ಪೂರ್ತಿ ತುಂಬಿಸಿದ್ದೆ. ಇವರು ಯಾವಾಗಲೂ ಸ್ವಲ್ಪ ಸ್ವಲ್ಪವೇ ಹಾಕಿಸುವವರು; ಅವರು ಓಡಿಸುವಾಗ ಟ್ಯಾಂಕ್ ಮುಕ್ಕಾಲು ಪಾಲು ಖಾಲಿಯೇ.

ಇವರಿಗೆ ಹೇಳಿದೆ. “ಊಟ ಜಾಸ್ತಿಯಾಗಿ ನಿದ್ರೆ ಬರುದಾ ಅದಕ್ಕೆ?” ಎಂದು ಬಹಳ ಹೊತ್ತು ನಕ್ಕರು.

ಅದ್ರಾಮ ಕಾಕ ನಗಲಿಲ್ಲ. ಕ್ಯಾಲೆಂಡರನ್ನು ಎರಡು ಸಲ ಓದಿ ಎದ್ದುನಿಂತರು. “ಟ್ಯಾಂಕ್ ತುಂಬ್ಸಿ. ನೀವೇ ಓಡ್ಸಿ. ನಾನು ಕೂರ್ತೇನೆ.”

ವಿಟ್ಲದ ಕಡೆ ಹೊರಟೆವು. ಅವರು ಎರಡೂ ಅಂಗೈಗಳನ್ನು ಡ್ಯಾಶ್‌ಬೋರ್ಡಿನ ಮೇಲೆ ಊರಿ, ಕಣ್ಣು ಮುಚ್ಚಿ ಕುಳಿತಿದ್ದರು. ನಡುನಡುವೆ ಕಣ್ಣು ತೆರೆದು ನನ್ನ ಕಡೆ ತಿರುಗಿ, “ಈಗ ಶಬ್ದ ಹೇಗುಂಟು?” ಎಂದು ಕೇಳುವರು. ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡು ಶಾಲೆಯ ಹುಡುಗಿಯ ಹಾಗೆ ಉತ್ತರಿಸಿದೆ. ಅಷ್ಟರಲ್ಲಿ ಹಿಂದಿನಿಂದ ಲಾರಿಯೊಂದು ಕಿವಿ ಒಡೆಯುವಂತೆ ಹಾರ್ನ್ ಹೊಡೆದು ಪಕ್ಕದಲ್ಲೇ ನುಗ್ಗಿತು. ನಾನು ಬೆಚ್ಚಿ ಸ್ಟಿಯರಿಂಗ್ ಎಳೆದೆ. ಕಣ್ಣು ಮುಚ್ಚಿದ್ದ ಅದ್ರಾಮ ಕಾಕನ ರೆಪ್ಪೆ ಸಹ ಅಲುಗಲಿಲ್ಲ.

ಪಿಕಪ್ ಬದಿಗೆ ನಿಲ್ಲಿಸಿ ಅವರನ್ನೇ ನೋಡಿದೆ. ಅವರಿಗೂ ಗೊತ್ತಾಯಿತು.

“ಕೇಳುದಿಲ್ಲ. ಎರಡು ವರ್ಷ ಆಯ್ತು” ಎಂದರು. “ಬಾಯಿ ನೋಡಿದರೆ ಮಾತು ಗೊತ್ತಾಗ್ತದೆ. ಎಂಜಿನ್ನಿಗೆ ಬಾಯಿ ಇಲ್ಲ ಅಲ್ವಾ? ಯಾರಿಗೂ ಹೇಳ್ಬೇಡಿ. ಕಿವಿ ಕೇಳದ ಮೆಕ್ಯಾನಿಕ್ಕಿನ ಹತ್ರ ಯಾರು ಬರ್ತಾರೆ?”

ನನ್ನ ಮುಖವನ್ನೇ ಅವರು ನೋಡುತ್ತಿದ್ದುದು ಯಾಕೆಂದು ಆಗ ತಿಳಿಯಿತು. ಸ್ವಲ್ಪ ಪೆಚ್ಚಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಕಾವಿನ ಏರಿನಲ್ಲಿ ಸೀಟು ಬಿಟ್ಟು ಇಳಿದ ನನಗೆ ಅವರ ಭಯ ಅರ್ಥವಾಗದೆ ಹೋಗಲಿಲ್ಲ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅಲ್ಲಿಂದ ಮುಂದೆ ಅವರು ಕೇಳುವ ಮೊದಲೇ ಹೇಳತೊಡಗಿದೆ: ಈಗ ಸಮ ಉಂಟು, ಈಗ ದನಿ ಸ್ವಲ್ಪ ತೆಳುವಾಯಿತು, ಈಗ ಬಿಕ್ಕುತ್ತಾ ಉಂಟು. ಒಂದು ಏರಿನ ನಡುವೆ ಪಿಕಪ್ ಎಂದಿನಂತೆ ಸೋತು ನಿಂತಿತು. ಅದು ನಿಂತದ್ದಕ್ಕೆ ನಾನು ಸಂತೋಷಪಟ್ಟದ್ದು ಅದೊಂದೇ ಸಲ.

ಅದ್ರಾಮ ಕಾಕ ಅವಸರವಾಗಿ ಇಳಿದರು. “ಟ್ಯಾಂಕಿನ ಮುಚ್ಚಳಕ್ಕೆ ಕಿವಿ ಇಡಿ. ನಾನು ತಿರುಗಿಸ್ತೇನೆ.” ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ರಸ್ತೆಯ ಬದಿಯಲ್ಲಿ ಮಂಡಿಯೂರಿ ಕಿವಿ ಇಟ್ಟೆ. ಮುಚ್ಚಳ ಸಡಿಲವಾದ ಕೂಡಲೇ ‘ಸುಂಯ್’ ಎಂದು ದೀರ್ಘವಾದ ಸದ್ದು.

“ಗಾಳಿ! ಉಸಿರು ಎಳ್ದ ಹಾಗೆ!”

“ಒಳಗೆ ಹೋದದ್ದಾ, ಹೊರಗೆ ಬಂದದ್ದಾ?”

“ಒಳಗೆ.”

“ಸರಿ ನೆನಪು ಮಾಡಿ.”

“ಒಳಗೇ. ನನ್ನ ಕೂದಲು ಮುಚ್ಚಳದ ಕಡೆ ಎಳೆಯಿತು.”

ಗಡ್ಡದೊಳಗಿಂದ ನಗು ಬಂತು. ಹಾಗೇ ಪಿಕಪ್ಪಿನ ಅಡಿಗೆ ತೂರಿಕೊಂಡರು. ಟ್ಯಾಂಕಿನಿಂದ ಡೀಸೆಲ್ ಖಾಲಿಯಾದಷ್ಟು ಗಾಳಿ ಒಳಗೆ ಹೋಗಬೇಕಂತೆ; ಅದಕ್ಕೊಂದು ಸಣ್ಣ ಪೈಪು ಇರುತ್ತದಂತೆ. ಆ ದಾರಿ ಕಟ್ಟಿದರೆ ಟ್ಯಾಂಕು ಡೀಸೆಲ್ಲನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ, ಎಂಜಿನ್ನಿಗೆ ಹೋಗಗೊಡುವುದಿಲ್ಲ. ಟ್ಯಾಂಕು ಖಾಲಿಯಿದ್ದರೆ ಒಳಗಿನ ಗಾಳಿಯೇ ಬಹಳ ದೂರಕ್ಕೆ ಸಾಕಾಗುತ್ತದೆ; ತುಂಬಿದ್ದರೆ ಬೇಗ ಸೋಲು. ನಿಂತರೆ ಎಲ್ಲಿಂದಲೋ ಸ್ವಲ್ಪ ಗಾಳಿ ಜಿನುಗಿ ಮತ್ತೆ ಹೊರಡುತ್ತದೆ. ಅವರು ಪೈಪು ಬಿಚ್ಚಿ ತಂತಿಯಿಂದ ಚುಚ್ಚಿದಾಗ ನನ್ನ ಅಂಗೈಗೆ ಒಣ ಮಣ್ಣಿನ ಒಂದು ಉಂಡೆ ಬಿತ್ತು.

“ಕಣಜದ ಗೂಡು” ಎಂದರು.

ನಾನು ಪುಡಿ ಮಾಡಿ ನೋಡಿದೆ. ಕೆಂಪು ಮಣ್ಣು, ಹೊಳೆಯ ಹೊಯಿಗೆ, ಸೆಗಣಿ ಹುಡಿ. ಸಸಿಯ ಪ್ಲಾಸ್ಟಿಕ್ ತೊಟ್ಟೆಗೆ ತುಂಬಿಸಲು ನಾನೇ ಕಲಸುವ ಮಣ್ಣು! ನೀರು ಹಾಕಿದ ತೊಟ್ಟೆಯಿಂದ ಆ ಹುಳ ಚಿಟಿಕೆ ಚಿಟಿಕೆಯಾಗಿ ಹೊತ್ತು ತಂದು, ನೆರಳಲ್ಲಿ ನಿಂತ ಪಿಕಪ್ಪಿನ ಅಡಿಯಲ್ಲಿ ಮನೆ ಮಾಡಿತ್ತು. ಸಿಟ್ಟು ಬರಬೇಕಿತ್ತು, ಎಷ್ಟು ಸಲ ಹೋಗಿಬಂದಿರಬಹುದು ಎಂಬ ಕುತೂಹಲವೇ ಹೆಚ್ಚಾಯಿತು.

ಮನೆಯಲ್ಲಿ ಇವರು ಕಣಜದ ಗೂಡಿನ ಕತೆ ಕೇಳಿ, “ನಾನು ಹಾಗೆ ಹೇಳಬಾರದಿತ್ತು” ಎಂದರು. ಮಾರುವ ಮಾತು ಮತ್ತೆ ಬರಲಿಲ್ಲ. ಒಂದು ವಾರದೊಳಗೆ ಟ್ಯಾಂಕಿನ ಗಾಳಿಯ ಲೆಕ್ಕವನ್ನು ತಾವೇ ಕಂಡುಹಿಡಿದವರ ಹಾಗೆ ಹಾಲಿಗೆ ಬಂದವರಿಗೆಲ್ಲ ವಿವರಿಸುತ್ತಿದ್ದರು.

ಆಮೇಲೆ ಕಷ್ಟದ ಗಾಡಿ ಬಂದಾಗಲೆಲ್ಲ ಅದ್ರಾಮ ಕಾಕ ನನಗೆ ಹೇಳಿಕಳಿಸುತ್ತಾರೆ. ಬಿಡಿಭಾಗ ಕೇಳಲು ಬಂದವಳ ಹಾಗೆ ನಾನು ಅಲ್ಲೇ ಸುಳಿದಾಡುವುದು, ಮರೆಗೆ ಹೋಗಿ ಕೇಳಿದ್ದನ್ನು ಹೇಳುವುದು. ಹೀಗೆ ಮೂರು ವರ್ಷ ನಡೆದಿದೆ. ನಿಮಗೆ ಈಗ ಇದನ್ನು ಹೇಳುತ್ತಿರುವುದು ಮಾತು ತಪ್ಪಿ ಅಲ್ಲ. ಇವತ್ತು ಮಧ್ಯಾಹ್ನ ಅವರ ಸೊಸೆಯ ವಾಟ್ಸಾಪ್ ಬಂತು: ಜೀಪು ಉಂಟಂತೆ, ಬರಬೇಕಂತೆ. ಹೋದೆ. ಸುಳ್ಯದ ಕಡೆಯ ಯಜಮಾನರೊಬ್ಬರು ಜೀಪಿನ ಪಕ್ಕ ಚಡಪಡಿಸುತ್ತಿದ್ದರು.

“ಎಷ್ಟೊತ್ತು ಮಾರಾಯ್ರೆ? ಯಾರನ್ನು ಕಾಯುದು ನೀವು?”

ನಾನು ಎಂದಿನ ಹಾಗೆ ಬಿಡಿಭಾಗದ ಕಪಾಟಿನ ಕಡೆ ತಿರುಗಿದೆ. ಅದ್ರಾಮ ಕಾಕ ಕೈ ಅಡ್ಡ ಹಿಡಿದರು.

“ಇವರನ್ನು. ನನಗೆ ಕಿವಿ ಕೇಳುದಿಲ್ಲ. ಐದು ವರ್ಷ ಆಯ್ತು. ಶಬ್ದ ಇವರು ಕೇಳಿ ಹೇಳ್ತಾರೆ, ಕೆಲಸ ನಾನು ಮಾಡ್ತೇನೆ. ಬೇಡ ಅಂತಾದ್ರೆ ಈಗಲೇ ಹೇಳಿ.”

ಯಜಮಾನರು ಅವರನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಜೀಪು ಸ್ಟಾರ್ಟ್ ಮಾಡಿ, ಬಾನೆಟ್ ಎತ್ತಿ, ನನಗೆ ಜಾಗ ಬಿಟ್ಟು ಬದಿಗೆ ಸರಿದರು. ನಾನು ಬಗ್ಗಿದೆ. ಅದ್ರಾಮ ಕಾಕನ ಕಣ್ಣು ನನ್ನ ಬಾಯಿಯ ಮೇಲೆ. ನಾನು ಹಿಂದೆಂದೂ ಕೇಳಿರದ ಒಂದು ಸದ್ದು ಆ ಎಂಜಿನ್ನಿನೊಳಗೆ ಇತ್ತು.