ಎರಡು ಸಲ ಕರೆಂಟ್

"ಅಲ್ಲಾಡಬ್ಯಾಡ್ರಿ. ಕೈ ಹಂಗ ಇರ್ಲಿ," ಎಂದು ಎಕ್ಸ್‌ರೇ ತೆಗೆಯುವವನು ಗೋಡೆಯ ಆಚೆಯಿಂದ ಕೂಗಿದ. ಅಷ್ಟರಲ್ಲಿ ಕರೆಂಟ್ ಹೋಯಿತು.

ತಂಗಿ ಬಲಗೈಯನ್ನು ಹಲಗೆಯ ಮೇಲೆ ಚಾಚಿಕೊಂಡೇ ಕತ್ತಲಲ್ಲಿ ಕುಳಿತಳು. ಮಣಿಕಟ್ಟು ಬದನೆಕಾಯಿಯಂತೆ ಊದಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಹಿಂದೆ ಅತ್ತೆ, ಅಂದರೆ ಅಪ್ಪನ ತಂಗಿ. ಶಿರಹಟ್ಟಿಯಿಂದ ಬಸ್ಸು ಹಿಡಿದು ಗದಗಿನ ಆಸ್ಪತ್ರೆಗೆ ನಮಗಿಂತ ಮೊದಲೇ ಬಂದು ಕೂತಿದ್ದಳು. ಬಳಗದಲ್ಲಿ ಯಾರಿಗಾದರೂ ಏಟು ಬಿದ್ದರೆ ಸಾಕು, ಆಕೆಗೆ ಮಾತ್ರ ಬಸ್ಸು ಕೂಡಲೇ ಸಿಗುತ್ತದೆ.

ತಂಗಿ ಬಿದ್ದದ್ದು ಮಾಗಡಿ ಕೆರೆಯ ಹತ್ತಿರ. ನಮ್ಮ ಮನೆ ಲಕ್ಷ್ಮೇಶ್ವರದಲ್ಲಿ, ಅವಳ ಕೆಲಸ ಶಿರಹಟ್ಟಿಯ ಒಂದು ಝೆರಾಕ್ಸ್ ಅಂಗಡಿಯಲ್ಲಿ. ದಿನಾ ಸ್ಕೂಟಿಯ ಮೇಲೆ ಹೋಗಿ ಬರುತ್ತಾಳೆ. ಚಳಿಗಾಲದಲ್ಲಿ ಆ ಕೆರೆಗೆ ಎಲ್ಲಿಂದಲೋ ಹಕ್ಕಿಗಳು ಬರುತ್ತವೆ. ಅವನ್ನು ನೋಡಲು ಕಾರಿನ ಜನ ಬರುತ್ತಾರೆ. ಬಂದವರು ಕಾರನ್ನು ರಸ್ತೆಯ ನಡುವೆಯೇ ನಿಲ್ಲಿಸಿ, ಬಾಗಿಲು ತೆರೆದಿಟ್ಟು, ಮೊಬೈಲ್ ಎತ್ತಿಕೊಂಡು ನಿಲ್ಲುತ್ತಾರೆ. ಹಕ್ಕಿಗೆ ರಸ್ತೆ ಬಿಟ್ಟು ಕೆರೆಯಲ್ಲಿ ಕೂರುವಷ್ಟು ಬುದ್ಧಿ ಇದೆ. ಇವರಿಗೆ ಅದೂ ಇಲ್ಲ. ಅಂಥದ್ದೊಂದು ಬಾಗಿಲು ತಪ್ಪಿಸಲು ಹೋಗಿ ತಂಗಿ ಕೈಯೂರಿ ಬಿದ್ದಳು.

ಬರೀ ಕೈಯ ಮಾತಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅವಳಿಗೆ ಮುಂಡರಗಿಯ ಒಂದು ಮನೆಯಲ್ಲಿ ಮದುವೆಯ ಮಾತಾಗಿತ್ತು. ಗೊಬ್ಬರದ ಅಂಗಡಿಯವರು. ಎಲೆ ಅಡಿಕೆ ಆಗಿ, ಉಡಿ ತುಂಬಿ ನಿಶ್ಚಯ ಮಾಡುವುದೊಂದು ಬಾಕಿ ಇತ್ತು. ತಂಗಿಗೂ ಹುಡುಗ ಮನಸ್ಸಿಗೆ ಬಂದಿದ್ದ. ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಅವನ ಫೋನ್ ಬಂದಾಗಲೆಲ್ಲ ನನ್ನನ್ನು ಖೋಲಿಯಿಂದ ಹೊರಗೆ ಅಟ್ಟುತ್ತಿದ್ದಳು. ಸಂಬಂಧ ತಂದವಳು ಅತ್ತೆ. ಅಪ್ಪ ಇಲ್ಲದ ಮನೆಯಾದ್ದರಿಂದ ನಮ್ಮಲ್ಲಿ ಆಕೆಯದೇ ಕಾರುಬಾರು. ಅವ್ವ ಅವಳೆದುರು ಉಸಿರು ಬಿಡುವುದಿಲ್ಲ.

ಎಕ್ಸ್‌ರೇದವನು ಬಾಯಲ್ಲಿ ಗುಟ್ಕಾ ಇಟ್ಟುಕೊಂಡೇ ಹೊರಗೆ ಬಂದ.

"ಇನ್ವರ್ಟರ್ ಇಲ್ಲೇನ್ರಿ?" ಎಂದೆ.

"ಐತಿ. ಡಾಕ್ಟರ್ ಖೋಲಿ ಫ್ಯಾನಿಗೆ. ಇದಕ್ಕ ಸಾಲಂಗಿಲ್ಲ."

"ಒಂದು ಫೋಟೋ ತಗ್ಯಾಕ ಅಷ್ಟು ಕರೆಂಟ್ ಬೇಕೇನು?"

"ಫೋಟೋ ಅಂತ ಫೋಟೋ," ಎಂದು ಅವನು ನಕ್ಕ. "ಮಾರಿ ಮ್ಯಾಲಿನ ಬೆಳಕು ಹಿಡಿಯೂದು ಫೋಟೋ. ಇಲ್ಲಿ ಬೆಳಕನ್ನ ನಾವ ಹುಟ್ಟಿಸಬೇಕು ತಮ್ಮಾ. ಕಣ್ಣಿಗಿ ಕಾಣದ ಬೆಳಕು."

ಕೆಲಸವಿಲ್ಲದೆ ನಿಂತಿದ್ದನಲ್ಲ, ಹೇಳತೊಡಗಿದ. ತಂಗಿಯ ಕೈಯ ಮೇಲೆ ತೂಗುತ್ತಿದ್ದ ದಪ್ಪ ಡಬ್ಬಿಯನ್ನು ಬಡಿದು ತೋರಿಸಿದ.

"ಇದರೊಳಗೊಂದು ಗಾಜಿನ ಬುಡ್ಡಿ ಐತಿ. ಗಾಳಿ ಎಲ್ಲಾ ಜಗ್ಗಿ ತಗದಾರ. ಈ ಕಡಿ ತುದಿಗಿ ಒಂದು ಸಣ್ಣ ತಂತಿ, ಹಳೀ ಬಲ್ಬಿನ್ಯಾಗ ಇರ್ತಿತ್ತಲ್ಲ, ಅಂಥಾದ್ದು. ಅದು ಕಾದ್ರ ಎಲೆಕ್ಟ್ರಾನ್ ಅಂತ ಕಣ ಬಿಟ್ಟು ಬರ್ತಾವು. ಆ ಕಡಿ ತುದಿಗಿ ನಾಣ್ಯದಂಥಾ ಒಂದು ಲೋಹದ ಬಿಲ್ಲಿ. ನಡುವ ಸಾವಿರಗಟ್ಟಲೆ ವೋಲ್ಟ್ ಹಚ್ಚಿದ್ರ ಆ ಕಣ ಓಡಿ ಬಂದು ಬಿಲ್ಲಿಗಿ ಡಿಕ್ಕಿ ಹೊಡೀತಾವು. ಹಂಗ ಡಿಕ್ಕಿ ಹೊಡದು ಗಕ್ಕನ ನಿಂತಾಗ ಎಕ್ಸ್‌ರೇ ಹುಟ್ಟತೈತಿ."

"ಬಿಲ್ಲಿ ಯಾವ ಲೋಹದ್ದು?"

"ಟಂಗ್‌ಸ್ಟನ್."

ಅದು ನನಗೆ ಗೊತ್ತಿತ್ತು. ನಾನು ವೆಲ್ಡಿಂಗ್ ಮಾಡುವವನು. ಸ್ಟೀಲ್ ಗ್ರಿಲ್ ಬೆಸೆಯುವಾಗ ಟಂಗ್‌ಸ್ಟನ್ ಕಡ್ಡಿಯೇ ನನ್ನ ಕೈಯಲ್ಲಿರುತ್ತದೆ. ಉಕ್ಕು ನೀರಾಗಿ ಹರಿದರೂ ಅದು ಕರಗುವುದಿಲ್ಲ.

"ಹಂಗಂದ್ರ ಬಿಸಿ ಭಾಳ ಆಗತೈತಿ," ಎಂದೆ.

"ಬಿಸೀನ ಎಲ್ಲಾ. ನೂರರಾಗ ತೊಂಬತ್ತೊಂಬತ್ತು ಪಾಲು ಬಿಸಿ ಆಗಿ ಹೋಗತೈತಿ. ಎಕ್ಸ್‌ರೇ ಆಗೂದು ಒಂದ ಪಾಲು. ಅದಕ್ಕ ಬುಡ್ಡಿ ಸುತ್ತ ಎಣ್ಣಿ ತುಂಬಿರ್ತಾರ. ದೊಡ್ಡ ಮಷಿನಿನ್ಯಾಗ ಬಿಲ್ಲೀನ ಗರಗರ ತಿರುಗತಿರತೈತಿ, ಒಂದ ಕಡಿ ಸುಡಬಾರದಂತ."

ಶಾಲೆಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವತ್ತು ನಾನು ಇರಲಿಲ್ಲ. ಆದರೆ ಆ ಲೆಕ್ಕ ಮನಸ್ಸಿಗೆ ಹಿಡಿಸಿತು. ನಮ್ಮ ಬಳಗ ಸೇರಿದಾಗಲೂ ಅಷ್ಟೇ. ತೊಂಬತ್ತೊಂಬತ್ತು ಪಾಲು ಬರೀ ಬಿಸಿ.

"ಈ ಕರೆಂಟ್ ಅಕೀ ಕೈಯಾಗ ಹೋಗೂದಿಲ್ಲಲ್ಲ?"

"ಕೈಯಾಗ ಯಾಕ ಹೋಗತೈತಿ? ಕರೆಂಟ್ ಬುಡ್ಡಿಯೊಳಗ. ಹೊರಗ ಬರೂದು ಬರೇ ಕಿರಣ. ಮಾಂಸ ದಾಟಿ ಹೋಗತಾವು, ಎಲುವಿಗೆ ತಡೀತಾವು. ತಡದಲ್ಲಿ ಬೆಳ್ಳಗ, ದಾಟಿದಲ್ಲಿ ಕರ್ರಗ. ನಾ ಬಟನ್ ಬಿಟ್ಟೆ ಅಂದ್ರ ಕಿರಣಾನೂ ಇಲ್ಲ, ಏನೂ ಇಲ್ಲ."

"ನಿಮ್ಮ ಪಾಠ ಮುಗದ್ರ ನನ್ನ ಕೈ ತಗೀಲೇನ್ರಿ? ಜೋಂ ಹಿಡದೈತಿ," ಎಂದಳು ತಂಗಿ.

ಇಷ್ಟೆಲ್ಲದರಲ್ಲಿ ಅತ್ತೆಯ ಕಿವಿಗೆ ಬಿದ್ದದ್ದು ಒಂದೇ ಶಬ್ದ, ಕರೆಂಟ್. ಆಕೆ ಆಗಲೇ ಕಟ್ಟೆಯ ಮೇಲೆ ನಿಂತು ಹುಡುಗನ ತಾಯಿಗೆ ಫೋನ್ ಹಚ್ಚಿದ್ದಳು. ಆಕೆಯ ದನಿ ಬಸ್ ಸ್ಟ್ಯಾಂಡಿನವರೆಗೂ ಕೇಳುತ್ತದೆ.

"ಹೂಂರಿ ಯಕ್ಕಾ, ಗದಗಿನ್ಯಾಗ ಅದೀವಿ. ಹುಡುಗೀನ ಒಳಗ ಕರಕೊಂಡಾರ. ಕರೆಂಟ್ ಕೊಡ್ತಾರಂತ. ಇನ್ನೂ ಕೊಟ್ಟಿಲ್ಲ. ಏನ್ ಮಾಡೂದ್ರಿ, ದೇವ್ರು ಇಟ್ಟಂಗ."

ನಮ್ಮ ಕಡೆ 'ಕರೆಂಟ್ ಕೊಡೋದು' ಅಂದರೆ ಒಂದೇ ಅರ್ಥ. ಕ್ಯಾನ್ಸರ್ ಆದವರನ್ನು ಹುಬ್ಬಳ್ಳಿಗೆ ಒಯ್ದು ಗಡ್ಡೆ ಸುಡಲು ಕಿರಣ ಬಿಡುತ್ತಾರಲ್ಲ, ಅದು. ಕ್ಯಾನ್ಸರ್ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ತಮಗೇ ಹತ್ತುತ್ತದೆ ಎಂಬ ಪುಕ್ಕಲುತನ. 'ಪಾಪ, ಕರೆಂಟ್ ಕೊಡಾಕತ್ತಾರ' ಎಂದರೆ ಸಾಕು, ಕೇಳಿದವರು ಲೊಚಗುಟ್ಟಿ, ಆ ಮನೆಯಲ್ಲಿ ಚಹಾ ಕುಡಿಯುವುದನ್ನೂ ಬಿಡುತ್ತಾರೆ. ಅತ್ತೆಗೂ ಇದು ಗೊತ್ತು. ಆದರೆ ಮಾತಾಡುವ ಮೊದಲು ಒಂದು ಗಳಿಗೆ ಯೋಚಿಸಿದರೆ ಆಕೆ ನಮ್ಮ ಅತ್ತೆಯೇ ಅಲ್ಲ.

ಕರೆಂಟ್ ಬಂತು. ಅವನು ಗೋಡೆಯ ಹಿಂದೆ ಹೋದ. ಆ ಗೋಡೆಗೆ ಸೀಸದ ತಗಡು ಹೊಡೆದಿದ್ದರು. ನಾನು ಆರ್ಕ್ ಹೊಡೆಯುವಾಗ ಕಣ್ಣಿಗೆ ಕರಿಗಾಜು ಹಿಡಿದುಕೊಳ್ಳುವಂತೆ ಇವನಿಗೆ ಅದು. ಮಷಿನ್ ಗುಂಯ್ ಎಂದು, ಟಕ್ ಎಂದಿತು. ಕೈ ಮಗ್ಗುಲಿಗೆ ತಿರುಗಿಸಿ ಇನ್ನೊಮ್ಮೆ ಟಕ್. ಮುಗಿಯಿತು. ಮಣಿಕಟ್ಟಿನ ಎಲುಬು ಸೀಳಿತ್ತು. ಡಾಕ್ಟರು ಪ್ಲಾಸ್ಟರ್ ಹಾಕಿ ಕಳಿಸಿದರು.

ನಾಲ್ಕಾರು ದಿನ ಬಿಟ್ಟು ಹುಡುಗನ ಅಪ್ಪ ನನಗೆ ಫೋನ್ ಮಾಡಿದ. ನಾನು ಅಂಗಡಿಯಲ್ಲಿ ಗೇಟಿನ ಕೆಲಸದಲ್ಲಿದ್ದೆ. ಪಕ್ಕದಲ್ಲಿ ಕಟರ್ ಒದರುತ್ತಿತ್ತು.

"ಏನಪಾ, ಹುಡುಗಿಗಿ ಕರೆಂಟ್ ಕೊಟ್ರಂತ?"

"ಹೂಂರಿ, ಕೊಟ್ರು," ಎಂದೆ. ಗದಗಿನ ಪಾಠವೇ ಇನ್ನೂ ತಲೆಯಲ್ಲಿತ್ತು, ಎಕ್ಸ್‌ರೇದ ಮಾತು ಎಂದುಕೊಂಡೆ. ಬೇರೆ ಏನೆಂದುಕೊಳ್ಳಬೇಕಿತ್ತು?

"ಎಷ್ಟು ಸಲ?"

"ಎರಡು ಸಲ್ರಿ. ಒಂದು ನೆಟ್ಟಗ, ಒಂದು ಅಡ್ಡ."

"ಅಡ್ಡಾನೂ ಕೊಟ್ರ?"

"ಅಡ್ಡ ಕೊಡದಿದ್ರ ಎಷ್ಟು ಸೀಳೈತಿ ತಿಳಿಯಂಗಿಲ್ರಿ."

"ಮುಂದೂ ಕೊಡ್ತಾರೇನು?"

"ಪ್ಲಾಸ್ಟರ್ ಬಿಚ್ಚಿದ ಮ್ಯಾಲೆ ಇನ್ನೊಮ್ಮಿ ಕೊಡ್ತಾರ್ರಿ."

"ಆತಪಾ," ಎಂದು ಇಟ್ಟುಬಿಟ್ಟ. ಗೊಬ್ಬರ ಮಾರುವವನಿಗೆ ಇಷ್ಟು ಕಾಳಜಿ ಇದೆಯಲ್ಲ ಎಂದು ನಾನು ಮೆಚ್ಚಿಕೊಂಡಿದ್ದೆ.

ಅವತ್ತಿನಿಂದ ಹುಡುಗನ ಫೋನ್ ನಿಂತಿತು. ತಂಗಿ ಎಡಗೈಯಲ್ಲಿ ಮೊಬೈಲ್ ಹಿಡಿದು ನೋಡುವುದು, ಮಗುಚಿ ಇಡುವುದು. ನಾನು ಖೋಲಿಯಲ್ಲೇ ಇದ್ದರೂ ಹೊರಗೆ ಹೋಗು ಎನ್ನಲಿಲ್ಲ. ಮುಂದಿನ ಸೋಮವಾರ ಅತ್ತೆ ಬಂದು ಅಂಗಳದಲ್ಲೇ ಕುಕ್ಕರಿಸಿ, ಸೆರಗಿನಿಂದ ಮೂಗು ಒರೆಸಿಕೊಂಡಳು.

"ಹುಡುಗಿಗಿ ಎಲ್ಲಿ ಗಡ್ಡಿ ಐತಿ, ಖರೆ ಹೇಳ್ರಿ. ನನ್ನ ಮುಂದೂ ಮುಚ್ಚಿಟ್ರಲ್ಲ. ಮುಂಡರಗಿಯವರು ನನ್ನ ಮೋತಿ ಮ್ಯಾಲೆ ಉಗುಳೂದೊಂದು ಬಾಕಿ. ಎರಡು ಸಲ ಕರೆಂಟ್ ಆಗೈತಿ, ಅಣ್ಣನ ಬಾಯಿಲೇ ಕೇಳೀವಿ ಅಂತಾರ."

ಊರಿಗೆಲ್ಲ ಸುದ್ದಿ ಹೊರಡಿಸಿದವಳು ಅದೇ ಸುದ್ದಿಯನ್ನು ಕೇಳಿ ಅಳುತ್ತಿದ್ದಳು. ಅವ್ವ ಕಂಬ ಹಿಡಿದು ನಿಂತಳು. ತಂಗಿ ಮೊದಲು ನಕ್ಕಳು. ಆಮೇಲೆ ನನ್ನ ಮುಖ ನೋಡಿದಳು. "ಹೋಗಿ ತಿಳಿಸಿ ಬಾ ಅಣ್ಣ," ಎಂದಳು. ಅವಳು ನನ್ನ ಹತ್ತಿರ ಯಾವತ್ತೂ ಏನೂ ಕೇಳಿದವಳಲ್ಲ. ಅದಕ್ಕೇ ಹೋದೆ.

ಎಕ್ಸ್‌ರೇ ಫಿಲ್ಮಿನ ಲಕೋಟೆ ಅಂಗಿಯೊಳಗೆ ಇಟ್ಟುಕೊಂಡು ಬೈಕ್ ಮೇಲೆ ಮುಂಡರಗಿಗೆ ಹೋದೆ. ಮನೆ ದೊಡ್ಡದು, ಪಡಸಾಲೆಯ ತುಂಬ ಹೊಳೆಯುವ ಟೈಲ್ಸ್. ಹುಡುಗನ ಅಪ್ಪ, ಅವ್ವ, ಹುಡುಗ ಮೂವರೂ ಕೂತರು. ನೀರು ಕೊಟ್ಟರು, ಚಹಾ ಕೊಡಲಿಲ್ಲ.

ಅಪ್ಪ ಫಿಲ್ಮನ್ನು ತಲೆಕೆಳಗಾಗಿ ಕಿಟಕಿಗೆ ಹಿಡಿದ. "ಇಷ್ಟ್ಯಾಕ ಕರ್ರಗೈತಿ? ಕರೆಂಟಿಗೆ ಸುಟ್ಟೈತೇನು?"

"ಸುಟ್ಟಿಲ್ರಿ. ಕಿರಣ ದಾಟಿದಲ್ಲಿ ಕರ್ರಗ ಕಾಣತೈತಿ. ಬೆಳ್ಳಗಿದ್ದದ್ದು ಎಲುವು."

ಗದಗಿನಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ಗಾಜಿನ ಬುಡ್ಡಿ, ಕಾಯುವ ತಂತಿ, ಓಡುವ ಕಣ, ಟಂಗ್‌ಸ್ಟನ್ ಬಿಲ್ಲೆ. ಕರೆಂಟ್ ಬುಡ್ಡಿಯಲ್ಲೇ ಉಳಿಯುತ್ತದೆ, ಕೈಗೆ ಬರುವುದು ಕಿರಣ ಮಾತ್ರ ಎಂದೆ. ಬೆವರು ಬರುವ ತನಕ ಹೇಳಿದೆ.

ಹುಡುಗನ ಅವ್ವ ಗಲ್ಲಕ್ಕೆ ಕೈ ಹಚ್ಚಿ ಕೇಳಿದಳು. ಮುಗಿದ ಮೇಲೆ ಗಂಡನ ಕಡೆ ತಿರುಗಿದಳು. "ನಾ ಹೇಳಲಿಲ್ಲೇನ್ರಿ? ಇವನೂ ಕರೆಂಟ ಅನ್ನಾಕತ್ತಾನ. ಕಿರಣಾನೂ ಬಿಟ್ಟಾರಂತ. ನಮ್ಮ ಅಣ್ಣನ ಹೆಂಡ್ತಿಗಿ ಹುಬ್ಬಳ್ಳಿಯೊಳಗ ಬಿಟ್ಟಿದ್ದೂ ಕಿರಣಾನ."

"ಅದು ಬ್ಯಾರೆ ಯವ್ವಾ. ಅದು ಭಾಳ ಜೋರ ಇರತೈತಿ. ಗಡ್ಡಿ ಸುಡಾಕ ಬಿಡೂದು. ಇದು ಒಳಗಿಂದು ನೋಡಾಕ. ಕಣ್ಣು ಮುಚ್ಚಿ ತಗಿಯೂದ್ರಾಗ ಮುಗೀತೈತಿ."

"ಬ್ಯಾರೆ ಇದ್ರ ಹೆಸರೂ ಬ್ಯಾರೆ ಇರ್ತಿತ್ತು," ಎಂದಳು ಆಕೆ.

ಬುಡ್ಡಿಯಿಂದ ಗಾಳಿ ಜಗ್ಗಿ ತೆಗೆದವರು ಈ ತಲೆಗಳಲ್ಲೂ ಸ್ವಲ್ಪ ಜಗ್ಗಲು ಬಂದಿದ್ದರೆ ಅವರಿಗೆ ಕೆಲಸವೇ ಇರುತ್ತಿರಲಿಲ್ಲ, ಮೊದಲೇ ಖಾಲಿ.

ಹುಡುಗನ ಅಪ್ಪನಿಗೆ ನ್ಯಾಯ ಹೇಳುವ ಚಟ. ಫಿಲ್ಮನ್ನು ನನ್ನ ಕೈಗಿಟ್ಟು ಗಂಟಲು ಸರಿಮಾಡಿಕೊಂಡ. "ಹಿಂಗ ಮಾಡೂಣು. ಹುಡುಗಿದು ಮೈಯೆಲ್ಲಾ ಒಂದು ಎಕ್ಸ್‌ರೇ ತಗಸ್ರಿ. ನೆತ್ತಿಯಿಂದ ಕಾಲಿನ ತನಕ. ಏನೂ ಇಲ್ಲಂದ್ರ ಮರುದಿನ ಉಡಿ ತುಂಬತೀವಿ."

ಎರಡು ಸಲ ಕರೆಂಟ್ ಆಗಿದೆ ಎಂದು ಹೆದರಿ ಕೂತವನು, ಅದನ್ನು ಪರಿಹರಿಸಲು ಮೈ ತುಂಬ ಕರೆಂಟ್ ಕೊಡಿಸಲು ಹೇಳುತ್ತಿದ್ದ. ನಾನು ಹುಡುಗನ ಕಡೆ ನೋಡಿದೆ. ಅವನು ಟೈಲ್ಸ್ ನೋಡುತ್ತಿದ್ದ.

ಮನೆಗೆ ಬಂದು ಇದ್ದದ್ದು ಇದ್ದಂತೆ ಹೇಳಿದೆ. ಅತ್ತೆ ಇನ್ನೂ ಹೋಗಿರಲಿಲ್ಲ.

"ತಗಸಿದ್ರ ಆತಲ್ಲ," ಎಂದಳು. "ಬ್ಯಾನಿ ಏನ್ ಆಗೂದಿಲ್ಲಂತ ನೀನ ಹೇಳ್ತಿ. ಮದುವಿ ಉಳಿತೈತಿ."

ಅವ್ವನೂ ತಲೆಯಾಡಿಸಿದಳು. ತಂಗಿ ಎದ್ದು ಮೊಬೈಲ್ ತಂದಳು. ಎಡಗೈಯ ಹೆಬ್ಬೆರಳಿನಿಂದ ಹುಡುಕಿ ಅವನಿಗೆ ಫೋನ್ ಹಚ್ಚಿದಳು. ಸ್ಪೀಕರ್ ಹಾಕಿ ನೆಲದ ಮೇಲೆ, ನಮ್ಮೆಲ್ಲರ ನಡುವೆ ಇಟ್ಟಳು. ಈ ಸಲ ಅವನು ಎತ್ತಿದ.

"ನನ್ನ ಮೈಯೆಲ್ಲಾ ಎಕ್ಸ್‌ರೇ ತಗಸಂತ ಹೇಳಿದವರು ನಿಮ್ಮ ಅಪ್ಪಾರು. ನೀವೇನಂತೀರಿ?"

"ಅಪ್ಪಾರು ಹೇಳಿದಮ್ಯಾಲೆ..." ಎಂದು ನಿಂತ. ಆಮೇಲೆ, "ಒಮ್ಮಿ ತಗಸಿಬಿಟ್ರ ಎಲ್ಲಾರಿಗೂ ಸಮಾಧಾನ ನೋಡು."

"ನಿಮಗ?"

"ನಂದೇನೈತಿ. ಮನ್ಯಾಗ ಹೆಂಗಂತಾರ ಹಂಗ."

ತಂಗಿ ಅಂಚಿನಲ್ಲಿ ಕಪ್ಪಾಗಿದ್ದ ಪ್ಲಾಸ್ಟರ್ ನೋಡಿಕೊಂಡಳು.

"ಹಂಗಾದ್ರ ನೀವೂ ಒಂದು ತಗಸ್ರಿ," ಎಂದಳು. "ಬೆನ್ನಿಂದು. ಎಲುವು ಐತೋ ಇಲ್ಲೋ ನೋಡಿ ತಿಳಸ್ರಿ."

ಫೋನ್ ಇಟ್ಟಳು. ಅತ್ತೆ ಹಣೆ ಬಡಿದುಕೊಂಡಳು. ಅವ್ವ ಒಳಗೆ ಹೋದಳು. ತಂಗಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ಅವನಿಂದ ಉತ್ತರ ಬರಲಿಲ್ಲ. ಆ ಮದುವೆ ಆಗಲಿಲ್ಲ. ಇಷ್ಟೇ. ಇದರ ಮೇಲೆ ನಾನು ಹೇಳುವುದು ಏನೂ ಇಲ್ಲ.